ನಾಲ್ಕನೇ ಸಾಲಿನ ಸುಳ್ಳು

ಎಪ್ಪತ್ತೊಂದನೇ ವಯಸ್ಸಿನಲ್ಲಿ ನಾನು ಕಾಪಿ ಹೊಡೆದೆ. ಕಾನ್ವೆಂಟಿನಲ್ಲಿ ಓದಿದ ಹತ್ತು ವರ್ಷದಲ್ಲಿ ಒಮ್ಮೆಯೂ ಪಕ್ಕದವಳ ಹಾಳೆಗೆ ಕಣ್ಣು ಹಾಯಿಸದವಳು, ಈಗ, ಯಾರೂ ಮಾರ್ಕ್ಸ್ ಕೊಡದ ಒಂದು ಪರೀಕ್ಷೆಯಲ್ಲಿ.

ಪರೀಕ್ಷೆ ಅಂದರೆ ಮೊಬೈಲಿನಲ್ಲಿ ದಿನಕ್ಕೊಂದರಂತೆ ಬರುವ ಐದಕ್ಷರದ ಇಂಗ್ಲಿಷ್ ಪದ. ಆರು ಸಲ ಊಹಿಸಬಹುದು. ಅಕ್ಷರ ತನ್ನ ಜಾಗದಲ್ಲಿ ಕೂತರೆ ಹಸಿರು, ಜಾಗ ತಪ್ಪಿದ್ದರೆ ಹಳದಿ, ಪದದಲ್ಲಿ ಇಲ್ಲವೇ ಇಲ್ಲ ಅಂದರೆ ಬೂದಿ ಬಣ್ಣ. ಆಟ ಮುಗಿದ ಮೇಲೆ ಬರೀ ಬಣ್ಣದ ಚೌಕಗಳನ್ನು ಸ್ನೇಹಿತರಿಗೆ ಕಳಿಸಬಹುದು, ಪದ ಗುಟ್ಟಾಗಿಯೇ ಉಳಿಯುತ್ತದೆ. ನನ್ನ ಚೌಕಗಳು ಶಿವಮೊಗ್ಗದ ವಿದ್ಯಾನಗರದಿಂದ ಭದ್ರಾವತಿಯ ನ್ಯೂ ಟೌನಿಗೆ ಹೋಗುತ್ತವೆ, ಸರೋಜಳವು ಅಲ್ಲಿಂದ ಇಲ್ಲಿಗೆ ಬರುತ್ತವೆ. ಸರೋಜ ಕಾನ್ವೆಂಟಿನಲ್ಲಿ ನನ್ನ ಬೆಂಚಿನಲ್ಲೇ ಕೂತವಳು. ಆಮೇಲೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಮ್ಯಾಥ್ಸ್ ಕಲಿಸಿದವಳು.

ನಮ್ಮದೊಂದು ಶಾಸ್ತ್ರವಿದೆ. ಇವತ್ತಿನ ಪದದ ಬಗ್ಗೆ ಇವತ್ತು ತುಟಿ ಬಿಚ್ಚುವ ಹಾಗಿಲ್ಲ. ಮಾರನೆಯ ದಿನ ಹನ್ನೊಂದು ಗಂಟೆಗೆ, ಕುಕ್ಕರ್ ಇಳಿಸಿದ ಮೇಲೆ, ಫೋನಿನಲ್ಲಿ ಪೋಸ್ಟ್‌ಮಾರ್ಟಮ್. ಯಾವ ಸಾಲಿನಲ್ಲಿ ಏನು ಹಾಕಿದೆ, ಯಾಕೆ ಹಾಕಿದೆ, ಎಲ್ಲ ಬಾಯಿಬಿಡಬೇಕು. ಸರೋಜಳಿಗೆ ಉತ್ತರ ಸರಿಯಿದ್ದರೆ ಸಾಲದು, ಸ್ಟೆಪ್ಸ್ ಬೇಕು. ಒಂದೂವರೆ ಸಾಲಿನ ಸೂತ್ರಕ್ಕೆ ನೂರಾರು ಪುಟ ಭಾಷ್ಯ ಬರೆದವರ ನಾಡು ನಮ್ಮದು. ನಾವಿಬ್ಬರೂ ಹಳೆಯದಾಗಿಹೋದ ಒಂದು ಪದಕ್ಕೆ ಅರ್ಧ ಗಂಟೆ ಭಾಷ್ಯ ಹೇಳುತ್ತೇವೆ. ಮಂಡಿನೋವಿನ ಬಗ್ಗೆ ಮಾತಾಡುವುದಕ್ಕಿಂತ ಇದು ಎಷ್ಟೋ ಡಿಗ್ನಿಫೈಡ್ ಅಂತ ನನ್ನ ಅಭಿಪ್ರಾಯ.

ಸೋಮವಾರದ ಪದ ಲೇಡಲ್. ಅಂದರೆ ನಮ್ಮ ಸೌಟು. ನಾನು ಮೊದಲಿಗೆ ಟೇಬಲ್ ಹಾಕಿದೆ. ಒಂದೇ ಏಟಿಗೆ ಮೂರು ಅಕ್ಷರ ಹಸಿರು. ಉಳಿದದ್ದು ಎರಡೇ ಖಾಲಿ ಜಾಗ. ಇನ್ನೇನು ಗೆದ್ದೆ ಅಂದುಕೊಂಡು ಮೇಪಲ್ ಹಾಕಿದೆ, ನಾನು ಈ ಜನ್ಮದಲ್ಲಿ ಕಣ್ಣಾರೆ ಕಂಡಿರದ ಮರ. ಆಮೇಲೆ ಈಗಲ್ ಹಾಕಿದೆ. ಖಾಲಿ ಜಾಗ ಖಾಲಿಯಾಗಿಯೇ ಉಳಿಯಿತು. ಎಲ್ ಅಕ್ಷರ ಒಮ್ಮೆ ಬಂದಾಗಿದೆ, ಮತ್ತೆ ಯಾಕೆ ಬರುತ್ತದೆ ಅಂತ ಅದನ್ನು ಪರಿಗಣಿಸಲೇ ಇಲ್ಲ. ಒಂದು ಗಂಟೆ ಕೂತೆ. ನಡುವೆ ಎದ್ದು ಹೋಗಿ ಒಲೆಯ ಮೇಲಿನ ಸಾರು ಕಲಕಿ ಬಂದೆ. ಯಾವುದರಿಂದ ಕಲಕಿದೆ ಅಂತ ಮಾತ್ರ ಕೇಳಬೇಡಿ.

ಈಚೆಗೆ ಹೀಗಾಗುತ್ತಿದೆ. ವಸ್ತು ಕಣ್ಣ ಮುಂದೆ ಇರುತ್ತದೆ, ಹೆಸರು ಹೊಸ್ತಿಲವರೆಗೆ ಬಂದು ವಾಪಸ್ಸು ಹೋಗುತ್ತದೆ. ಹಿಂದೆ ಹೋಗಿ ಕರೆದು ಕರೆದು ನನಗೂ ಸಾಕಾಗಿದೆ. ಮನೆಯಲ್ಲೇನೋ ನಡೆಯುತ್ತದೆ. "ಅದು ಕೊಡಿ" ಅನ್ನುತ್ತೇನೆ, ಯಜಮಾನರು ಯಾವುದೋ ಒಂದನ್ನು ಕೊಡುತ್ತಾರೆ, ನಾನು ಅದರಲ್ಲೇ ಸುಧಾರಿಸುತ್ತೇನೆ. ಆದರೆ ಸರೋಜಳಿಗೆ ಸೋಲನ್ನು ಕಳಿಸಲು ಕೈ ಬರಲಿಲ್ಲ. ಇಂಗ್ಲಿಷಿನಲ್ಲಿ ಇಡೀ ಕ್ಲಾಸಿಗೆ ಫಸ್ಟ್ ಬರುತ್ತಿದ್ದವಳು ನಾನು. ಅದೇ ಮೊಬೈಲಿನಲ್ಲಿ ಉತ್ತರ ಹುಡುಕಿ, ನಾಲ್ಕನೇ ಸಾಲಿನಲ್ಲಿ ಕೂರಿಸಿ, ಕಳಿಸಿಬಿಟ್ಟೆ.

ಅವತ್ತು ಸರೋಜಳ ಚೌಕಗಳು ಬರಲಿಲ್ಲ. ನೆಟ್‌ವರ್ಕ್ ಇರಲಿಕ್ಕಿಲ್ಲ ಅಂದುಕೊಂಡೆ.

ಮಂಗಳವಾರ ಹನ್ನೊಂದಕ್ಕೆ ಫೋನ್ ಬಂತು. ಮೊದಲು ನೀನು ಹೇಳು ಅಂದಳು. ಕಾಪಿ ಹೊಡೆದವರಿಗೇ ಸ್ಟೆಪ್ಸ್ ಸೊಗಸಾಗಿ ಬರುವುದು. ಎಲ್ ಎರಡು ಸಲ ಬರಬಹುದಲ್ಲ ಅಂತ ಯೋಚಿಸಿದ್ದು, ಸಾರು ಕಲಕುವಾಗ ಥಟ್ಟನೆ ಹೊಳೆದದ್ದು, ಎಲ್ಲವನ್ನೂ ವಿವರವಾಗಿ ಹೇಳಿದೆ.

"ಸೌಟು ನನ್ನ ಕೈಲೂ ಇತ್ತು ಕಣೇ," ಅಂದಳು. "ಆರೂ ಸಾಲು ಮುಗೀತು, ಬರ್ಲೇ ಇಲ್ಲ. ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು. ಮೊದಲು ಪಾತ್ರೆ ಹೆಸರು ಹೋಯ್ತು, ಆಮೇಲೆ ನಮ್ಮ ಹೆಸರು."

ಪದವೇ ಕಷ್ಟದ್ದಿರಬಹುದು ಅಂತ ಅವಳು ಸಮಾಧಾನ ಮಾಡಿಕೊಂಡಿದ್ದಳಂತೆ. ಅಷ್ಟರಲ್ಲಿ ನನ್ನ ನಾಲ್ಕು ಸಾಲು ಹೋಗಿ ಮುಟ್ಟಿತು. ಪದ ಸುಲಭದ್ದೇ, ಕೆಟ್ಟದ್ದು ತನ್ನ ತಲೆಯೇ ಅಂತ ಖಾತ್ರಿಯಾಯಿತು. ಸೊಸೆಗೆ ಹೇಳಿ, ಶಿವಮೊಗ್ಗದ ನರರೋಗದ ಡಾಕ್ಟರ ಹತ್ತಿರ ಗುರುವಾರಕ್ಕೆ ಅಪಾಯಿಂಟ್‌ಮೆಂಟ್ ಮಾಡಿಸಿದ್ದಾಳೆ. ಇನ್ನು ಆಟ ಸಾಕು ಅಂದಳು. ನಾನು ಆಗಲೇ ಹೇಳಬೇಕಿತ್ತು. "ಹಾಗೇನಿಲ್ಲ ಬಿಡು" ಅಂದು ಫೋನ್ ಇಟ್ಟೆ.

ಇವತ್ತು ಬೆಳಿಗ್ಗೆ ಭದ್ರಾವತಿ ಬಸ್ಸು ಹತ್ತಿದೆ. ಕಂಡಕ್ಟರ್ ಆಧಾರ್ ಕಾರ್ಡಿನ ಫೋಟೋ ನೋಡಿ, ನನ್ನನ್ನು ನೋಡಿ, ಏನೂ ಅನ್ನದೆ ಟಿಕೆಟ್ ಹರಿದುಕೊಟ್ಟ. ಮಲವಗೊಪ್ಪ ದಾಟುವಾಗ ಅಜ್ಜಿಯ ಒಗಟುಗಳು ನೆನಪಾದವು. ಗೊತ್ತಾಗದಿದ್ದರೆ "ಸೋತೆ" ಅನ್ನಬೇಕು, ಅಂದ ಕೂಡಲೆ ಅಜ್ಜಿ ನಕ್ಕು ಉತ್ತರ ಹೇಳುತ್ತಿದ್ದಳು. ಅದರಲ್ಲಿ ಅವಮಾನವೇನೂ ಇರಲಿಲ್ಲ, ಅದೂ ಆಟದ ಒಂದು ಮಾತು. ಇಂಗ್ಲಿಷ್ ಕಲಿಯುವ ಗಡಿಬಿಡಿಯಲ್ಲಿ ನಾನು ಆ ಒಂದು ಪದವನ್ನು ಎಲ್ಲಿ ಬಿಟ್ಟುಬಂದೆನೋ.

ಸರೋಜ ವರಾಂಡದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಫೋನಿಲ್ಲದೆ, ಮುನ್ಸೂಚನೆಯಿಲ್ಲದೆ ಬಂದವಳನ್ನು ಕಂಡು ಮುಖ ಬಿಳಿಚಿಕೊಂಡಿತು. ಯಾರಿಗೇನಾಯ್ತು ಅಂದಳು. ಯಾರಿಗೂ ಏನಾಗಿಲ್ಲ, ಸೋಮವಾರ ನಾನು ಕಾಪಿ ಹೊಡೆದೆ, ನನಗೂ ಬರಲಿಲ್ಲ ಅಂದೆ. ಅವಳು ಮೊರವನ್ನು ಪಕ್ಕಕ್ಕಿಟ್ಟಳು.

"ಯಾವ ಸಾಲಲ್ಲಿ ಕಾಪಿ ಹೊಡೆದೆ?"

"ನಾಲ್ಕನೇದರಲ್ಲಿ."

"ಇನ್ನೂ ಎರಡು ಸಾಲು ಇತ್ತಲ್ಲೇ. ಅಷ್ಟು ತಾಳ್ಮೆ ಇರ್ಲಿಲ್ವಾ?" ಅಂದವಳು ನಗಲು ಶುರುಮಾಡಿದಳು. ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಆಮೇಲೆ ನಗು ನಿಂತರೂ ಒರೆಸುತ್ತಲೇ ಇದ್ದಳು. "ಕಳ್ಳಿ. ಎರಡು ದಿನ ನನ್ನ ಸಾಯಿಸಿಬಿಟ್ಟೆಯಲ್ಲೇ ಮಾರಾಯ್ತಿ."

ಹಾಗಾದರೆ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿಸು ಅಂದೆ.

"ಯಾಕೆ? ಇಬ್ರೂ ತಪ್ಪು ಬರೆದ್ರೆ ಉತ್ತರ ಸರಿ ಆಗ್ಬಿಡುತ್ತಾ? ನಿನ್ನ ಹೆಸರೂ ಬರೆಸ್ತೀನಿ, ಬಾ." ಒಳಗೆ ಕಾಫಿ ಮಾಡುತ್ತಿದ್ದ ಸೊಸೆಗೆ ಕೂಗಿ ಹೇಳಿಯೂಬಿಟ್ಟಳು. ಮತ್ತೆ ನನ್ನ ಕಡೆ ತಿರುಗಿ, "ಅಲ್ಲಿ ಚಿತ್ರ ತೋರ್ಸಿ ಇದೇನು ಅಂತ ಕೇಳ್ತಾರಂತೆ. ನನ್ನ ಮುಖ ನೋಡ್ಬೇಡ, ನಾನು ಹೇಳಿಕೊಡಲ್ಲ," ಅಂದಳು.

ನಾಳೆ ಗುರುವಾರ. ಅವಳು ಸೊಸೆಯ ಜೊತೆ ಬರುತ್ತಾಳೆ, ನಾನು ಆಸ್ಪತ್ರೆಯ ಬಾಗಿಲಲ್ಲಿ ಕಾಯಬೇಕು. ಡಾಕ್ಟರು ವಯಸ್ಸಾಯಿತು ಅಷ್ಟೇ ಅನ್ನಬಹುದು, ಇನ್ನೇನನ್ನಾದರೂ ಅನ್ನಲೂಬಹುದು. ನನ್ನ ಹೆದರಿಕೆ ಸೋಮವಾರ ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ಆದರೆ ಅದನ್ನು ಮುಚ್ಚಿಡುವ ಕೆಲಸವೊಂದು ತಪ್ಪಿತು. ಮರೆವಿಗಿಂತ ಅದೇ ನನ್ನನ್ನು ಹೆಚ್ಚು ದಣಿಸುತ್ತಿತ್ತು ಅಂತ ಈಗ ತಿಳಿಯುತ್ತಿದೆ.