ಪೂಜೆಗೆ ಹೋಗುತ್ತಿದ್ದ ಕಾರು

ಅಪ್ಪ ಸ್ಕೂಟರಿನಿಂದ ಬಿದ್ದ ವರ್ಷ ನಾನು ಕಾರು ತೆಗೆದುಕೊಂಡೆ. ಹೊಸದಲ್ಲ. ನಮ್ಮ ಶಾಲೆಯ ಹಿರಿಯ ಟೀಚರೊಬ್ಬರು ಹತ್ತು ವರ್ಷ ಓಡಿಸಿ, ಮಸ್ಕತ್ತಿನಲ್ಲಿರುವ ಮಗಳ ಮನೆಗೆ ಹೊರಟಾಗ ನನಗೆ ಕೊಟ್ಟು ಹೋದದ್ದು. ಬೂದು ಬಣ್ಣ, ಎಡಗಡೆಯ ಬಾಗಿಲಿನಲ್ಲಿ ಉದ್ದಕ್ಕೆ ಒಂದು ಗೀರು, ಮಳೆಗಾಲ ಬಂದರೆ ಸೀಟಿನ ಕೆಳಗಿಂದ ಒದ್ದೆ ಗೋಣಿಯ ವಾಸನೆ. ನನಗೆ ಕಾರಿನ ಆಸೆ ಇರಲಿಲ್ಲ. ಆದರೆ ಅಪ್ಪನಿಗೆ ಪೂಜೆ ಇತ್ತು.

ತೊಕ್ಕೊಟ್ಟಿನಿಂದ ಸ್ವಲ್ಪ ಒಳಗೆ ಹೋದರೆ ಕೆರೆ ಬದಿಯಲ್ಲಿ ಒಂದು ಸಣ್ಣ ದೇವಸ್ಥಾನ. ಅಲ್ಲಿ ನಲವತ್ತು ವರ್ಷಗಳಿಂದ ಬೆಳಗಿನ ಪೂಜೆ ಅಪ್ಪನದ್ದೇ. ಮುರಿದ ಕಾಲು ಕೂಡಿಕೊಂಡರೂ ಎಪ್ಪತ್ತಾರರ ಪ್ರಾಯದಲ್ಲಿ ಮತ್ತೆ ಸ್ಕೂಟರ್ ಹಿಡಿಯುವ ಬಲ ಬರಲಿಲ್ಲ. ಬೋಳಾರದ ನಮ್ಮ ಮನೆಯಿಂದ ಅಷ್ಟು ಬೇಗ ಬಸ್ಸಿಲ್ಲ. ಗೊತ್ತು ಮಾಡಿದ ರಿಕ್ಷಾದವನು ಎರಡು ದಿನ ಬಂದು ಮೂರನೆಯ ದಿನ ಮಲಗಿಬಿಡುತ್ತಿದ್ದ. ಅಮ್ಮ ತೀರಿಹೋದ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.

ನಾಲ್ಕೂಕಾಲು ಗಂಟೆಗೆ ಏಳುವುದು, ಐದಕ್ಕೆ ಹೊರಡುವುದು. ನೇತ್ರಾವತಿ ಸೇತುವೆಯ ಮೇಲೆ ಲಾರಿಗಳ ಹಿಂದೆ ತೆವಳಿಕೊಂಡು ಹೋಗಿ, ದೇವಸ್ಥಾನದ ಎದುರು ಅಪ್ಪನನ್ನು ಇಳಿಸಿ, ಪೂಜೆ ಮುಗಿಯುವ ತನಕ ಕಾಯುವುದು. ಏಳು ಗಂಟೆಯ ಹೊತ್ತಿಗೆ ವಾಪಸು ಮನೆ, ಒಂಬತ್ತಕ್ಕೆ ಶಾಲೆ. ಕಾಯುವಾಗ ನಾನು ಒಳಗೆ ಹೋಗುತ್ತಿರಲಿಲ್ಲ. ಕಾರಿನಲ್ಲೇ ಕುಳಿತು, ತಲೆಯ ಮೇಲಿನ ಪುಟ್ಟ ದೀಪ ಹಾಕಿ ಮಕ್ಕಳ ನೋಟ್ಸ್ ತಿದ್ದುತ್ತಿದ್ದೆ. ನಿದ್ದೆ ಬಾರದಿರಲಿ ಎಂದು ರೇಡಿಯೋ ಹಾಕಿಕೊಳ್ಳುತ್ತಿದ್ದೆ. ಆದರೂ ಎಷ್ಟೋ ಸಲ ಅಪ್ಪ ಬಂದು ಗಾಜು ತಟ್ಟುವಾಗ ಕೆಂಪು ಪೆನ್ನು ಸೀರೆಯ ಮೇಲೆ ಬಿದ್ದಿರುತ್ತಿತ್ತು. ಆ ದಿನಗಳ ಸುಸ್ತು ದೇಹಕ್ಕೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಅದನ್ನು ಸುಸ್ತು ಎಂದು ಕರೆಯುವುದೇ ಮರೆತುಹೋಗಿತ್ತು.

ಎರಡನೆಯ ಮಳೆಗಾಲ ಶುರುವಾದಾಗ ಕತ್ತಲಲ್ಲಿ ನನಗೆ ರಸ್ತೆ ಕಾಣುವುದು ಕಡಿಮೆಯಾಯಿತು. ಎದುರಿನ ಗಾಡಿಯ ಬೆಳಕು ಹಾದುಹೋದ ಮೇಲೆ ನನ್ನ ಮುಂದೆ ಉಳಿಯುತ್ತಿದ್ದದ್ದು ಬರೀ ಹಳದಿ ಮಬ್ಬು. ಪ್ರಾಯ ಐವತ್ತರ ಹತ್ತಿರ, ಕಣ್ಣು ಹೋಗುತ್ತಿದೆ ಎಂದುಕೊಂಡೆ. ಕಂಕನಾಡಿಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಅವರು ಕನ್ನಡಕದ ನಂಬರು ಸ್ವಲ್ಪ ಬದಲಿಸಿದರು. ಹೊಸ ಕನ್ನಡಕದಲ್ಲಿ ಮಕ್ಕಳ ಅಕ್ಷರ ಚೆನ್ನಾಗಿ ಕಂಡಿತು, ರಸ್ತೆ ಕಾಣಲಿಲ್ಲ. ಇನ್ನೇನು ಮಾಡುವುದೆಂದು ತಿಳಿಯದೆ, ಸ್ಟಿಯರಿಂಗಿಗೆ ಎದೆ ತಾಗುವಷ್ಟು ಮುಂದೆ ಬಾಗಿ ಓಡಿಸುವುದು ರೂಢಿಯಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಅಪ್ಪ ಬಂದು ಕುಳಿತರು. ಕೀಲಿ ತಿರುಗಿಸಿದೆ. ಟಿಕ್ ಎಂದಿತು, ಅಷ್ಟೇ. ಇನ್ನೊಮ್ಮೆ ತಿರುಗಿಸಿದರೆ ಟಿಕ್ ಕೂಡ ಇಲ್ಲ. ಅಂದು ನಮ್ಮ ಶಾಲೆಯಲ್ಲಿ ಪರೀಕ್ಷೆ, ಮೊದಲ ಹಾಲ್‌ಗೆ ನಾನೇ ಮೇಲ್ವಿಚಾರಕಿ. ಎಂಟನೆಯ ತರಗತಿಗೆ ವಿಜ್ಞಾನ ಕಲಿಸುವ ನಾನು, ಬೋರ್ಡಿನ ಮೇಲೆ ಬ್ಯಾಟರಿಯ ಚಿತ್ರ ಬರೆದು ಧನ, ಋಣ ಎಂದು ಎಷ್ಟು ಸಲ ಗುರುತು ಹಾಕಿದ್ದೇನೋ. ಬಾನೆಟ್ ಎತ್ತಿ ನೋಡಿದರೆ ನಿಜವಾದ ಬ್ಯಾಟರಿಯ ಮೇಲೆ ಬಿಳಿ ಪುಡಿ ಹೂವಿನ ಹಾಗೆ ಅರಳಿತ್ತು. ಅದನ್ನು ಮುಟ್ಟಬಹುದೋ ಬಾರದೋ ಎಂಬುದೂ ನನಗೆ ಗೊತ್ತಿರಲಿಲ್ಲ.

ಆಗ ಬಂದದ್ದು ಮೀನಿನ ಟೆಂಪೋ. ಆ ಕಡೆಯ ಮನೆಗಳಿಗೆ ಮೀನು ಮಾರುವ ಬ್ಯಾರಿ ಮುಸ್ಲಿಮರೊಬ್ಬರು, ಹೆಚ್ಚುಕಡಿಮೆ ನನ್ನ ವಯಸ್ಸಿನವರು. ದಿನಾ ಹಾರ್ನ್ ಹೊಡೆಯುತ್ತಾ ದಾಟಿ ಹೋಗುತ್ತಿದ್ದವರು ಅಂದು ನಿಲ್ಲಿಸಿದರು.

"ಎಂತ ಟೀಚರೇ, ಬ್ಯಾಟರಿ ಹೋಯ್ತಾ?"

"ಹೌದು ಕಾಣ್ತದೆ. ಏನೂ ಆಗ್ತಾ ಇಲ್ಲ."

"ದೂಡುವ. ನೀವು ಕೀಲಿ ಆನ್ ಮಾಡಿ, ಕ್ಲಚ್ ಒತ್ತಿ ಸೆಕೆಂಡ್ ಗೇರಲ್ಲಿ ಇಡಿ. ನಾನು ಹೇಳುವಾಗ ಕ್ಲಚ್ ಬಿಡಿ." ಅಷ್ಟು ಹೇಳಿದವರು ಕೈ ಮುಂದೆ ಚಾಚಿ, ಮತ್ತೆ ಹಿಂದೆ ತೆಗೆದುಕೊಂಡು ಅಪ್ಪನ ಕಡೆ ನೋಡಿದರು. "ಭಟ್ರೇ, ಕೈಯಲ್ಲಿ ಮೀನಿನ ವಾಸನೆ ಉಂಟು. ಕಾರಿಗೆ ಹತ್ತೀತು."

ಅಪ್ಪ ಬಾಗಿಲು ತೆರೆದು ಇಳಿದರು. "ಕಾರಿಗೆ ಎಂತ ಮಡಿ ಮಾರಾಯ? ದೂಡು. ನಾನೂ ಬರ್ತೇನೆ."

"ಅಯ್ಯೋ, ನೀವು ಬೇಡ. ಕಾಲು ಜಾರ್ತದೆ."

ಅಪ್ಪ ಕೇಳಲಿಲ್ಲ. ಹೆಗಲ ಶಾಲು ಸೊಂಟಕ್ಕೆ ಬಿಗಿದು ಹಿಂದೆ ಹೋಗಿ ನಿಂತರು. ಕನ್ನಡಿಯಲ್ಲಿ ನನಗೆ ಅವರಿಬ್ಬರ ತಲೆ ಕಾಣುತ್ತಿತ್ತು. ಮೊದಲ ಸಲ ನಾನು ಕ್ಲಚ್ ಬೇಗ ಬಿಟ್ಟೆ, ಕಾರು ಕುಪ್ಪಳಿಸಿ ನಿಂತಿತು. ಎರಡನೆಯ ಸಲ "ಈಗ!" ಎಂದು ಅವರು ಕೂಗಿದಾಗ ಬಿಟ್ಟೆ. ಇಂಜಿನ್ ಕೆಮ್ಮಿ ಹಿಡಿದುಕೊಂಡಿತು. "ಎಲ್ಲಿಯೂ ಆಫ್ ಮಾಡ್ಬೇಡಿ, ಸೀದ ಬ್ಯಾಟರಿ ಅಂಗಡಿಗೆ ಹೋಗಿ" ಎಂದು ಹೇಳಿ ಅವರು ಟೆಂಪೋ ಹತ್ತಿದರು. ಅಪ್ಪ ಏದುಸಿರು ಬಿಡುತ್ತಾ ಬಂದು ಕುಳಿತರು. ಎಷ್ಟೋ ಕಾಲದ ನಂತರ ಅವರ ಮುಖದಲ್ಲಿ ನಗು ಕಂಡೆ.

ತೊಕ್ಕೊಟ್ಟಿನಲ್ಲಿ ಇಂಜಿನ್ ಆಫ್ ಮಾಡದೆ ಕಾದು ಕುಳಿತೆವು, ಎಂಟೂವರೆಗೆ ಬ್ಯಾಟರಿ ಅಂಗಡಿಯವರು ಬಂದು ಶಟರ್ ಎತ್ತಿದರು. ನಾನು ಶಾಲೆಗೆ ಫೋನ್ ಮಾಡಿ, ತಡವಾಗುತ್ತದೆಂದು ಹೇಳಿ, ಬೈಸಿಕೊಂಡು ಬರುವಷ್ಟರಲ್ಲಿ ಅವರು ಬಾನೆಟ್ ಎತ್ತಿ ನೋಡಿಯಾಗಿತ್ತು.

"ಇದಕ್ಕೆ ಪ್ರಾಯ ಆಗಿದೆ ಟೀಚರೇ. ಐದು ವರ್ಷ ಬಂದದ್ದೇ ದೊಡ್ಡದು. ಇಂಜಿನ್ ಆಫ್ ಮಾಡಿ ಲೈಟ್, ರೇಡಿಯೋ ಎಲ್ಲ ಹಾಕ್ತೀರಾ?"

"ನೋಟ್ಸ್ ತಿದ್ತೇನೆ. ದಿನಾ ಒಂದು ಗಂಟೆ."

"ಮತ್ತೆ ಎಂತ ಉಳೀತದೆ ಅದರಲ್ಲಿ?" ಎಂದವರು ಬಿಳಿ ಪುಡಿಯ ಮೇಲೆ ಬಿಸಿನೀರು ಹೊಯ್ದು ವಯರಿನ ತುದಿಗಳನ್ನು ಉಜ್ಜಿದರು. ಹಳೆಯ ಬ್ಯಾಟರಿ ಇಳಿಸಿ ಹೊಸದು ಕೂರಿಸಿದರು. ಹಳೆಯದನ್ನು ಮನೆಗೆ ಒಯ್ದು ಮೂಲೆಯಲ್ಲಿ ಇಟ್ಟುಕೊಳ್ಳಬಾರದು, ಒಳಗೆ ಆಸಿಡ್ ಮತ್ತು ಸೀಸ ಇರುತ್ತದೆ, ಕಂಪನಿಯವರೇ ವಾಪಸು ತೆಗೆದುಕೊಳ್ಳುತ್ತಾರೆ ಎಂದರು. ಆಮೇಲೆ ಕಾರಿನ ಮುಂದೆ ಬಂದು ನಿಂತು, ಹೆಡ್‌ಲೈಟನ್ನು ಬೆರಳಿನಿಂದ ಒರೆಸಿ ನನ್ನನ್ನೇ ನೋಡಿದರು.

"ಇದರಲ್ಲಿ ನಿಮಗೆ ರಸ್ತೆ ಕಾಣ್ತದಾ?"

ಎರಡೂ ದೀಪದ ಮುಚ್ಚಳ ಹಳೆಯ ಪ್ಲಾಸ್ಟಿಕ್ ಡಬ್ಬಿಯಂತೆ ಹಳದಿಗಟ್ಟಿದ್ದವು. ಬಿಸಿಲಿಗೆ, ಕಡಲಗಾಳಿಗೆ ಹಾಗಾಗುತ್ತದಂತೆ. ಒಳಗೆ ಬಲ್ಬ್ ಸರಿಯಾಗಿಯೇ ಉರಿಯುತ್ತಿತ್ತು, ಬೆಳಕು ಹೊರಗೆ ಬರುತ್ತಿರಲಿಲ್ಲ. ನಾನು ಕಣ್ಣಿನ ಡಾಕ್ಟರ ಕತೆ ಹೇಳಿದಾಗ ಅವರು ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ತಿಂಗಳು ದಿನಾ ಈ ಕಾರಿನ ಮುಂದೆ ನಡೆದಾಡಿದವಳು ಒಮ್ಮೆಯೂ ಅದನ್ನು ನೋಡಿರಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಮತ್ತೆ ಅಲ್ಲಿಗೇ ಹೋದೆ. ಅವರು ಮರಳು ಕಾಗದ ನೀರಿನಲ್ಲಿ ನೆನೆಸಿ ತಿಕ್ಕಿ, ಪಾಲಿಶ್ ಹಾಕಿ, ಎರಡೂ ದೀಪ ಗಾಜಿನಂತೆ ಮಾಡಿಕೊಟ್ಟರು.

ಮಾರನೆಯ ದಿನ ಬೆಳಿಗ್ಗೆ ಗೇಟಿನಿಂದ ಹೊರಗೆ ಬಂದಾಗಲೇ ಗೊತ್ತಾಯಿತು. ರಸ್ತೆಯ ಅಂಚಿನ ಬಿಳಿ ಗೆರೆ ಇಷ್ಟು ದಿನ ಅಲ್ಲೇ ಇತ್ತೇ ಎನಿಸಿತು. ಸೇತುವೆ ಆರಾಮಾಗಿ ದಾಟಿದೆವು. ದೇವಸ್ಥಾನದ ದಾರಿಯ ಕೊನೆಯ ತಿರುವಿನಲ್ಲಿ ಎಡಕ್ಕೆ ಕೆರೆ ಇದೆ. ಅಲ್ಲಿ ಬೆಳಕು ಬಿದ್ದಾಗ ನನ್ನ ಕಾಲು ತಾನಾಗಿ ಬ್ರೇಕ್ ಒತ್ತಿತು.

ಮಳೆಗೆ ಕೆರೆಯ ದಂಡೆ ಕುಸಿದು ರಸ್ತೆಯ ಬದಿಯ ಮಣ್ಣೂ ಜರಿದುಹೋಗಿತ್ತು. ಉಳಿದ ಕೆಸರಿನಲ್ಲಿ ಚಕ್ರದ ಗುರುತು. ನಮ್ಮದೇ ಕಾರಿನದ್ದು, ಹಿಂದಿನ ದಿನದ್ದು. ಅದಕ್ಕೂ ನೀರಿಗೂ ನಡುವೆ ಒಂದು ಗೇಣು ಜಾಗ. ವಾಪಸು ಹೋಗುವಾಗ ಹಗಲು, ಅದೂ ನಮ್ಮ ಕಾರು ರಸ್ತೆಯ ಆಚೆ ಬದಿಯಲ್ಲಿ. ಹಾಗಾಗಿ ಈ ಅಂಚನ್ನು ನಾನು ಗಮನಿಸಿಯೇ ಇರಲಿಲ್ಲ.

"ಅಪ್ಪ, ಇಲ್ಲಿ ನೋಡಿ."

"ನೋಡಿದ್ದೇನೆ" ಎಂದರು ಅಪ್ಪ. "ಎಡಗಡೆ ಕೂರುವವನು ನಾನಲ್ವಾ? ಒಂದು ವಾರ ಆಯ್ತು."

ಆ ವಾರವೆಲ್ಲ ಈ ತಿರುವಿನಲ್ಲಿ ಅಪ್ಪನ ಮಂತ್ರದ ದನಿ ಏರುತ್ತಿದ್ದದ್ದು, ಕೈ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿಯುತ್ತಿದ್ದದ್ದು ಆಗ ನನಗೆ ಅರ್ಥವಾಯಿತು. ನಾನು ಅದನ್ನು ಪೂಜೆಯ ಮೊದಲಿನ ತಯಾರಿ ಎಂದುಕೊಂಡಿದ್ದೆ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬರುವುದನ್ನು ನಿಲ್ಲಿಸ್ತಿದ್ದಿ."

ನನಗೆ ಸಿಟ್ಟು ಬಂತು. "ನನಗೂ ಸಾಕಾಗಿದೆ ಅಪ್ಪ" ಎಂದೆ. ಎರಡು ವರ್ಷಗಳಲ್ಲಿ ಮೊದಲ ಸಲ ಆ ಮಾತು ಬಾಯಿಂದ ಬಂದಿತ್ತು. ಅಪ್ಪ ಕಾರಿನಿಂದ ಇಳಿದು, ಉಳಿದ ದಾರಿಯನ್ನು ಕುಂಟುತ್ತಾ ನಡೆದೇ ಹೋದರು. ನಾನು ಅವರ ಹಿಂದೆ ನಿಧಾನವಾಗಿ, ಅವರ ಕಾಲ ಬುಡಕ್ಕೆ ಬೆಳಕು ಬೀಳುವ ಹಾಗೆ ಕಾರು ಓಡಿಸಿದೆ.

ಅಂದು ಪೂಜೆ ಮುಗಿಸಿ ಬಂದವರು, ಪೂಜೆಗೆ ಇನ್ನೊಬ್ಬರನ್ನು ಹುಡುಕಲು ದೇವಸ್ಥಾನದವರಿಗೆ ಹೇಳಿದ್ದೇನೆ ಎಂದರು. ಒಂದು ತಿಂಗಳಲ್ಲಿ ಅಲ್ಲೇ ಹತ್ತಿರದ ಭಟ್ಟರೊಬ್ಬರು ಒಪ್ಪಿಕೊಂಡರು. ನಾನು ಗೆದ್ದೆ ಎಂದು ಅನಿಸಲೇ ಇಲ್ಲ. ಕೆಲವು ವಾರ ಅಪ್ಪ ಐದಕ್ಕೆ ಸ್ನಾನ ಮಾಡಿ, ಶಾಲು ಹೊದ್ದು ಗೇಟಿನ ತನಕ ಹೋಗಿ ನಿಲ್ಲುತ್ತಿದ್ದರು. ಕೊಂಡಿಯ ಸದ್ದು ನನಗೆ ಹಾಸಿಗೆಯಲ್ಲಿ ಕೇಳುತ್ತಿತ್ತು. ನಾನು ಏಳಲಿಲ್ಲ. ಎದ್ದರೆ ಕೀಲಿ ಕೈಗೆತ್ತಿಕೊಂಡೇನು ಎಂಬ ಹೆದರಿಕೆ. ಎಷ್ಟು ಮಲಗಿದರೂ ಆಯಾಸ ತೀರುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಮಲಗಿದವಳು ಭಾನುವಾರ ಬೆಳಿಗ್ಗೆ ಎದ್ದದ್ದೂ ಇದೆ.

ಮಳೆ ಬಿಟ್ಟ ಮೇಲೆ ಆ ಹೊಸ ಭಟ್ಟರು ತಮ್ಮ ಬೈಕಿನಲ್ಲಿ ನಮ್ಮ ಮನೆಗೆ ಬರಲು ಶುರುಮಾಡಿದರು. ಆ ದೇವಸ್ಥಾನದ ಕ್ರಮ, ಯಾವ ಹಬ್ಬಕ್ಕೆ ಯಾವ ನೈವೇದ್ಯ, ಎಲ್ಲ ಕೇಳಿ ಬರೆದುಕೊಳ್ಳುತ್ತಾರೆ. ಜಗಲಿಯಲ್ಲಿ ಕುಳಿತ ಅಪ್ಪ ನಡುನಡುವೆ ಗದರುವುದು ಒಳಗೆ ನನಗೆ ಕೇಳುತ್ತದೆ. "ಹಾಗಲ್ಲ ಮಾರಾಯ, ಮೊದಲಿಂದ ಹೇಳು."