ಫೀಸಿನಲ್ಲಿ ಕರಗಿದ ಅಂಗಡಿ

ವಿಮೆ ಕಂಪನಿಯ ಕೆಲಸದ ಮೇಲೆ ಹರಿಹರದ ಕೋರ್ಟಿಗೆ ಹೋಗಿದ್ದೆ. ಮಲೆಬೆನ್ನೂರಿನ ಅಕ್ಕಿ ಗಿರಣಿಯೊಂದರ ಗೋಡೆ ಕುಸಿದು ಪಕ್ಕದ ಬಷೀರರ ವೆಲ್ಡಿಂಗ್ ಅಂಗಡಿ ನೆಲಸಮವಾಗಿತ್ತು. ಗಿರಣಿಯಿಂದ ಬೇರೆಯವರಿಗಾಗುವ ನಷ್ಟಕ್ಕೆ ನಮ್ಮ ಕಂಪನಿಯ ವಿಮೆಯಿತ್ತು. ದಾವೆ ಹೂಡಿದ ಬಷೀರರೂ ಗಿರಣಿ ಮಾಲೀಕ ಬಸಣ್ಣನವರೂ ಒಂದೇ ಬೈಕಿನಲ್ಲಿ ಬಂದಿಳಿದರು.

“ತಪ್ಪು ನಂದೇ ಐತೆ ಸರ್. ವಿಮೆ ದುಡ್ಡು ಇವ್ರಿಗೆ ಕೊಟ್ಬಿಡ್ರಿ,” ಎಂದರು ಬಸಣ್ಣ.

ಕಂಪನಿಯ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಂಡರೆ ವಿಮೆಯೇ ಕೈತಪ್ಪಬಹುದು ಎಂದೆ. ಅವರು ಗಾಬರಿಯಾಗಿ ಬಷೀರರಿಂದ ಸ್ವಲ್ಪ ದೂರ ಸರಿದು ನಿಂತರು.

“ಹೋಗ್ಲಿ, ನಿಮ್ ವಕೀಲ್ರ ಫೀಸು ಯಾರು ಕೊಡ್ತಾರ?” ಬಷೀರ್ ಕೇಳಿದರು.

“ಕಂಪನಿಯೇ. ಆದರೆ ಈ ಪಾಲಿಸಿಯಲ್ಲಿ ಅದೂ ಹತ್ತು ಲಕ್ಷದ ಮಿತಿಯೊಳಗೇ ಬರುತ್ತೆ. ಫೀಸು ಕಳೆದು ಉಳಿದದ್ದು ಪರಿಹಾರಕ್ಕೆ. ಸಾಲದಿದ್ದರೆ ಬಸಣ್ಣನವರು ಕೈಯಿಂದ ಹಾಕಬೇಕು.”

“ಅಂದ್ರ, ನನಗ ಕೊಡಬ್ಯಾಡ್ರಿ ಅನ್ನೋರಿಗೆ ನನ್ನ ದುಡ್ಡಾಗ ಫೀಸು?”

ನಿಯಮ ಹಾಗಿದೆ ಎಂದೆ.

ಒಳಗೆ ಬಸಣ್ಣನವರ ಪರವಾಗಿ ನಮ್ಮ ವಕೀಲರು, ಗೋಡೆ ಬೀಳಲು ಗಾಳಿಯೇ ಕಾರಣವೆಂದು ಸೊಗಸಾಗಿ ವಾದಿಸಿದರು. ಬಷೀರ್ ತಲೆದೂಗಿದರು.

“ಚಲೋ ಮಾತಾಡ್ತಾರ, ಬಸಣ್ಣ. ಈ ಮಾತಿನ ಫೀಸಿಗೇ ನನ್ನ ಶಟರ್ ಹೋತು.”

ವಾದ ಮುಗಿಯದೆ ಮುಂದಿನ ತಾರೀಖು ಬಿತ್ತು.

“ಮೇಲಿನ ತಗಡೂ ಹೋತು ಬಿಡ್ರಿ,” ಎಂದರು ಬಸಣ್ಣ. ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ಅವರು ಅದೇ ಬೈಕಿನಲ್ಲಿ ಊರಿಗೆ ಹೊರಟ ಮೇಲೆ ವಕೀಲರು ಬಂದು, ಖಂಡಿತ ಗೆಲ್ಲುತ್ತೇವೆ ಎಂದು ಭರವಸೆ ಕೊಟ್ಟರು. ಯಾರ ಮೇಲೆ ಎಂದು ಕೇಳೋಣವೆನಿಸಿತು. ಅದಕ್ಕೂ ಫೀಸು ಹಾಕಿದರೆ ಬಷೀರರ ವೆಲ್ಡಿಂಗ್ ಮಷೀನೂ ಹೋದೀತೆಂದು ಸುಮ್ಮನಾದೆ.