ನೀರು ಕಮ್ಮಿ ಕೊಡಿ ಅಂದಿದ್ದು ನಾನೇ

ನಾನು ಸ್ಕೂಲ್ ವ್ಯಾನ್ ಓಡಿಸೋನು. ಚಿಕ್ಕಜಾಲ ಬಿಟ್ಟರೆ ಯಲಹಂಕದವರೆಗೆ ಎಲ್ಲೂ ನಿಲ್ಲಿಸಲ್ಲ ಅನ್ನೋದು ನಾನೇ ಮಾಡಿಕೊಂಡ ಕಾನೂನು. ಅದನ್ನ ಮುರಿದವಳು ಯುಕೆಜಿಯ ತನ್ವಿ. ಹದಿನೈದು ದಿನದಿಂದ ದಿನಾ "ಅಂಕಲ್, ಸುಸ್ಸು" ಅಂತ ವ್ಯಾನ್ ನಿಲ್ಲಿಸ್ತಿದ್ದಳು. ತನ್ನ ಬಾಟ್ಲಿ ಖಾಲಿ ಮಾಡಿ ಪಕ್ಕದವರದ್ದಕ್ಕೂ ಕೈ ಹಾಕ್ತಿದ್ದಳು. ನನಗೆ ಸಿಟ್ಟು ಬಂದು ಅವಳ ಅಜ್ಜಿಗೆ, "ಬೆಳಿಗ್ಗೆ ನೀರು ಕಮ್ಮಿ ಕೊಡಿ" ಅಂದುಬಿಟ್ಟೆ.

ಮರುದಿನ ಅವಳನ್ನ ಎತ್ತಿ ಸೀಟಲ್ಲಿ ಕೂರಿಸಿದರೆ ಭಾರವೇ ಇಲ್ಲ. ಸ್ಕರ್ಟ್ ಜಾರದ ಹಾಗೆ ಪಿನ್ನು ಹಾಕಿದ್ದರು.

"ದಿಷ್ಟಿ ಆಗೈತೆ ಕಣಪ್ಪ," ಅಂದರು ಅಜ್ಜಿ. "ಆಸಿಗೇನೂ ಒದ್ದೆ ಮಾಡ್ಕೋತವಳೆ. ಮೆಣಸಿನಕಾಯಿ ನಿವಾಳಿಸಿವ್ನಿ. ನೀನೇಳ್ದಂಗೆ ನೀರೂ ಕೊಟ್ಟಿಲ್ಲ."

ನನಗೆ ಶುಗರ್ ಬಂದಾಗಲೂ ಇದೇ ಬಾಯಾರಿಕೆ, ಇದೇ ಸೊರಗೋದು.

"ಅಜ್ಜಿ, ಮೊದಲು ನೀರು ಕೊಡಿ. ಈಗಲೇ ಆಸ್ಪತ್ರೆಗೆ ಹೋಗಿ ಶುಗರ್ ನೋಡಿಸ್ಬೇಕು."

"ಐದ್ ವರ್ಸದ ಮಗೀಗೆ ಶುಗರ್ರಾ? ಬುಡ್ತು ಅನ್ನು!"

ನಾನು ಅನ್ನಲಿಲ್ಲ. ಅವಳಮ್ಮನಿಗೆ ಫೋನ್ ಮಾಡಿ, ಅಜ್ಜಿಯನ್ನೂ ಹತ್ತಿಸಿಕೊಂಡು, ಉಳಿದ ಮಕ್ಕಳ ಸಮೇತ ವ್ಯಾನನ್ನ ಆಸ್ಪತ್ರೆ ಮುಂದೆ ನಿಲ್ಲಿಸಿದೆ. ಡಾಕ್ಟರು ಬೆರಳು ಚುಚ್ಚಿ ನೋಡಿ ಆಗಲೇ ಅಡ್ಮಿಟ್ ಮಾಡಿಕೊಂಡರು. ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಅಂದರು. ನೀರು ಕಮ್ಮಿ ಮಾಡಿಸಿದ್ದು ಯಾರು ಅಂತ ಅವರು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಈಗ ತನ್ವಿ ಇನ್ಸುಲಿನ್ ತಗೊಂಡು ಗಟ್ಟಿಯಾಗಿದ್ದಾಳೆ. ದಿನಾ ವ್ಯಾನ್ ಹತ್ತುತ್ತಲೇ ತನ್ನ ಶುಗರ್ ಎಷ್ಟು ಅಂತ ಹೇಳಿ, "ಅಂಕಲ್, ನಿಮ್ದು?" ಅಂತಾಳೆ. ನಾನು ಚೆಕ್ ಮಾಡಿಸಿ ಎಂಟು ತಿಂಗಳಾಯಿತು. ಬಾಯಿಗೆ ಬಂದ ನಂಬರ್ ಹೇಳಿ ಗೇರ್ ಹಾಕ್ತೀನಿ.